ಒರೆಸುವ ಬಟ್ಟೆಯ ಮಡಿ

ತೊಳೆದ ಕಾರನ್ನು ಒರೆಸಿದ ಬಟ್ಟೆಯನ್ನು ಒಗೆಯಬೇಕೇ? ಇದೂ ಒಂದು ಪ್ರಶ್ನೆಯೇ ಎಂದು ಯಾರಾದರೂ ನಗಬಹುದು. ಶಾಂಪೂ ಹಾಕಿ ತಿಕ್ಕಿ, ಎರಡು ಸಲ ನೀರು ಹೊಯ್ದು, ಕೊಳೆಯೆಲ್ಲ ಇಳಿದ ಮೇಲೆ ಮೈಮೇಲೆ ನಿಂತ ಹನಿಗಳನ್ನು ಹೀರುವುದಷ್ಟೇ ಆ ಬಟ್ಟೆಯ ಕೆಲಸ. ಅದಕ್ಕೆ ಹತ್ತುವುದು ಬರೀ ನೀರು. ನೀರು ಆರಿತೆಂದರೆ ಬಟ್ಟೆ ಮೊದಲಿದ್ದ ಹಾಗೇ ಆಯಿತಲ್ಲ. ಹೀಗೆ ಅಂದುಕೊಂಡು ನೆಮ್ಮದಿಯಾಗಿರುವವರ ಸಾಲಿನಲ್ಲಿ ನಾನೂ ಇರಬಹುದಿತ್ತು, ನನಗೊಬ್ಬ ಭಾವಮೈದುನ ಇಲ್ಲದೆ ಹೋಗಿದ್ದರೆ.

ಅವನಿಗಿರುವುದು ಒಂದೇ ಕಾರು. ಅದನ್ನು ಒರೆಸುವ ಬಟ್ಟೆಗಳು ಮಾತ್ರ ಒಂದು ಬೀರು ತುಂಬ ಇವೆ. ಗಾಜಿಗೆ ನೀಲಿ, ಬಾಗಿಲ ಸಂದಿಗೆ ಹಳದಿ, ಚಕ್ರಕ್ಕೆ ಕಪ್ಪು, ಮೈಯ ನೀರು ಹೀರಲು ಬೂದು ಬಣ್ಣದ, ಕಂಬಳಿಯಷ್ಟು ದಪ್ಪನೆಯದು. ಬೂದು ಬಟ್ಟೆ ಒಮ್ಮೆ ಚಕ್ರ ಮುಟ್ಟಿದರೆ ಮತ್ತೆ ಬಾನೆಟ್ ಮುಟ್ಟುವ ಯೋಗ್ಯತೆ ಕಳೆದುಕೊಂಡಿತು. ಅಲ್ಲಿಂದಾಚೆ ಅದರ ಸ್ಥಾನ ಕಪ್ಪು ಬಟ್ಟೆಗಳ ಜೊತೆ. ನೆಲಕ್ಕೆ ಬಿದ್ದರೆ ಒಗೆಯದೆ ಎತ್ತಿಕೊಳ್ಳುವ ಹಾಗಿಲ್ಲ. ಒಣಗಿದ್ದನ್ನು ಮಡಚಿಡುವ ಮುನ್ನ ಅವನು ಕೈ ತೊಳೆದುಕೊಳ್ಳುತ್ತಾನೆ. ಇದನ್ನೆಲ್ಲ ಮೊದಲ ಸಲ ನೋಡಿದಾಗ ನನಗೆ ನಗು ಬರಲಿಲ್ಲ, ಅಜ್ಜಿ ನೆನಪಾದಳು. ಮೂವತ್ತು ದಾಟಿದ, ದೇವರಿಗೆ ಕೈಮುಗಿದದ್ದನ್ನು ಯಾರೂ ಕಾಣದ ಈ ಸಾಫ್ಟ್‌ವೇರ್ ಹುಡುಗ ಬೇಸ್‌ಮೆಂಟಿನಲ್ಲಿ ನಿಂತು ಮಾಡುತ್ತಿದ್ದುದು ಅಪ್ಪಟ ಮಡಿ.

ಅಜ್ಜಿಯ ಮಡಿಯಲ್ಲಿ ಎಷ್ಟು ಸಲ ಒಗೆಯಬೇಕು ಎಂಬುದಕ್ಕೆ ಒಂದೇ ಉತ್ತರ ಇರಲಿಲ್ಲ. ಬಟ್ಟೆಯ ಜಾತಿ ನೋಡಿ ಉತ್ತರ. ನೂಲಿನ ಸೀರೆಯನ್ನು ದಿನದಿನವೂ ಒಗೆದು, ಸೂರಿಗೆ ತೂಗಿಬಿಟ್ಟ ಬಿದಿರಿನ ಗಳದ ಮೇಲೆ ಕೋಲಿನಿಂದಲೇ ಹರವಿ, ಯಾರೂ ಮುಟ್ಟದಂತೆ ಒಣಗಿಸಬೇಕು. ಪಟ್ಟೆ ಸೀರೆಗೆ ಅಷ್ಟು ಕಟ್ಟುನಿಟ್ಟಿಲ್ಲ; ಇವತ್ತು ಉಟ್ಟು ತೆಗೆದಿಟ್ಟದ್ದನ್ನು ನಾಳೆಯೂ ಉಡಬಹುದು. ಧಾಬಳಿಗೂ ಅದೇ ವಿನಾಯಿತಿ. ಅವಳ ಪಟ್ಟಿಯಲ್ಲಿ ಪಾಲಿಯೆಸ್ಟರ್ ಇರಲಿಲ್ಲ. ಆ ಮಡಿ ಬಟ್ಟೆಯ ಮಟ್ಟಕ್ಕೆ ನಿಲ್ಲದೆ ಮನುಷ್ಯರನ್ನೂ ಅಂಗಳದಾಚೆ ನಿಲ್ಲಿಸಿತೆಂಬುದನ್ನು ಮರೆತು ಅದನ್ನು ಮೆಚ್ಚಿ ಬರೆಯುವುದು ನನ್ನಿಂದಾಗದು. ಭಾವಮೈದುನನ ಮಡಿ ಸದ್ಯಕ್ಕೆ ಬಟ್ಟೆಯಲ್ಲೇ ಇದೆ. ಅದಕ್ಕೊಂದು ಕಾರಣವೂ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಮೈಕ್ರೋಫೈಬರ್ ಎಂದು ಕರೆಯುವ ಈ ಬಟ್ಟೆಯಲ್ಲಿರುವುದು ಪಾಲಿಯೆಸ್ಟರ್, ಜೊತೆಗೆ ನೈಲಾನ್ ಜಾತಿಯ ಪಾಲಿಅಮೈಡ್. ಸಾಮಾನ್ಯವಾಗಿ 80ಕ್ಕೆ 20, ಕೆಲವುಗಳಲ್ಲಿ 70ಕ್ಕೆ 30. ಎಳೆಯ ಸಣ್ಣತನವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ. 9,000 ಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದರೆ ಅದು 1 ಡೆನಿಯರ್. 9 ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ಮೆಜೆಸ್ಟಿಕ್ಕಿನಿಂದ ಬನಶಂಕರಿಯಷ್ಟು ದೂರ. ಅಷ್ಟುದ್ದದ ಎಳೆ ಒಂದು ಗ್ರಾಮಿಗಿಂತಲೂ ಹಗುರವಾಗಿದ್ದರೆ ಮಾತ್ರ ಅದಕ್ಕೆ ಮೈಕ್ರೋಫೈಬರ್ ಎನ್ನಿಸಿಕೊಳ್ಳುವ ಅರ್ಹತೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಿಂದ ಬಿಚ್ಚಿದ ರೇಷ್ಮೆ ಎಳೆಯೇ ಸುಮಾರು 2–3 ಡೆನಿಯರ್ ಇರುತ್ತದೆ. ಹುಳು ಮಾಡಲಾಗದ ಸಣ್ಣತನವನ್ನು ಕಾರ್ಖಾನೆ ಸಾಧಿಸಿತು. ಇದರ ಹಿಂದೆ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಮೊಟೊ ಎಂಬ ವಿಜ್ಞಾನಿಯ ಹೆಸರಿದೆ. 1970ರಲ್ಲಿ ಆ ಕಂಪನಿ ಅತಿಸೂಕ್ಷ್ಮ ಎಳೆಗಳಿಂದ ಕೃತಕ ಸ್ವೇಡ್ ಚರ್ಮ ತಯಾರಿಸಿತು. ಒಂದು ಪ್ಲಾಸ್ಟಿಕ್ಕಿನ ಒಡಲಿನಲ್ಲಿ ಇನ್ನೊಂದರ ಹತ್ತಾರು ಸಣ್ಣ ಎಳೆಗಳನ್ನು ಹುದುಗಿಸಿ ಒಟ್ಟಿಗೆ ನೂಲುವುದು, ಆಮೇಲೆ ಹೊರಗಿನದನ್ನು ಕರಗಿಸಿ ತೆಗೆದುಬಿಡುವುದು ಅದರ ಉಪಾಯ. ಹೆಂಗಸರ ಕೋಟಿಗೂ ಕೈಚೀಲಕ್ಕೂ ಹುಟ್ಟಿದ ವಿದ್ಯೆ ನಮ್ಮ ಬಾನೆಟ್ ಒರೆಸಲು ಬಂದು ಕೂತಿದೆ.

ಒರೆಸುವ ಬಟ್ಟೆಯಲ್ಲಿ ಎಳೆಯನ್ನು ಸಣ್ಣದು ಮಾಡುವುದಷ್ಟೇ ಅಲ್ಲ, ಉದ್ದಕ್ಕೆ ಸೀಳಿಯೂ ಇರುತ್ತಾರೆ. ಸೀಳಿದ ಎಳೆಯ ಅಡ್ಡಕೊಯ್ತ ಕಿತ್ತಳೆ ತೊಳೆಯಂತೆ ಮೂಲೆಮೂಲೆಯಾಗಿರುತ್ತದೆ. ಆ ಮೂಲೆಗಳ ನಡುವಿನ ಸಂದುಗಳು ನೀರನ್ನು ತಾವಾಗಿಯೇ ಒಳಗೆಳೆದುಕೊಳ್ಳುತ್ತವೆ. ಪ್ಲಾಸ್ಟಿಕ್ ತಾನು ನೀರು ಕುಡಿಯುವ ವಸ್ತುವೇ ಅಲ್ಲ. ಇಲ್ಲಿ ಕುಡಿಯುವುದು ಸಂದು. ಪ್ರಶ್ನೆಯ ಬೇರು ಇರುವುದೂ ಅಲ್ಲೇ. ನೀರು ಹಿಡಿಯುವ ಸಂದು ಧೂಳನ್ನೂ ಹಿಡಿಯುತ್ತದೆ, ಮೇಣವನ್ನೂ ಹಿಡಿಯುತ್ತದೆ, ಸೋಪನ್ನೂ ಹಿಡಿಯುತ್ತದೆ. ಹಿಡಿದದ್ದನ್ನು ಬಿಡುವ ಸ್ವಭಾವ ಅದಕ್ಕಿಲ್ಲ. ಕೊಡವಿದರೆ ಹಳೆಯ ಪಂಚೆಯ ಧೂಳು ಉದುರುತ್ತದೆ, ಇದರದು ಉದುರದು.

ಈಗ ಕಾರಿನ ಮೈ ನೋಡೋಣ. ಬಣ್ಣದ ಮೇಲೆ ಹೊಳಪಿಗೆಂದು ಬಳಿದಿರುವ ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ. ತಲೆಗೂದಲು ಸುಮಾರು 70 ಮೈಕ್ರಾನ್. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಹೊಳಪು ಒಂದು ಕೂದಲಿಗಿಂತ ತೆಳ್ಳಗಿನದು. ರಸ್ತೆಯ ಧೂಳಿನಲ್ಲಿರುವ ಸ್ಫಟಿಕದ ಮರಳಾದರೋ ಕಾಠಿಣ್ಯದ ಮಾಪಕದಲ್ಲಿ 7ನೇ ಮೆಟ್ಟಿಲ ಮೇಲೆ ನಿಂತಿದೆ. ಉಕ್ಕಿನ ಚಾಕುವನ್ನೂ ಗೀರಬಲ್ಲದು. ತೊಳೆದ ಕಾರಿನ ಸಂದಿಯಲ್ಲಿ ಉಳಿದ ಅಂಥ ಒಂದು ಕಣ ಬಟ್ಟೆಗೆ ಸಿಕ್ಕಿ, ಮುಂದಿನ ಭಾನುವಾರ ಅದೇ ಬಟ್ಟೆ ಬಾನೆಟ್ಟಿನ ಮೇಲೆ ಹರಿದಾಡಿದರೆ ಆಗುವುದನ್ನು ಬಿಸಿಲಲ್ಲಿ ನಿಂತು ನೋಡಬೇಕು, ಕಪ್ಪು ಕಾರಾದರೆ ಇನ್ನೂ ಚೆನ್ನಾಗಿ ಕಾಣುತ್ತದೆ: ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆ. ಒಂದೊಂದೂ ಬಟ್ಟೆ ಎಳೆದ ಗೀರು. ಭಾವಮೈದುನ ಬಟ್ಟೆಯನ್ನು ಉಜ್ಜುವುದೇ ಇಲ್ಲ. ಹಾಸಿಗೆಯ ಮೇಲೆ ಹೊದಿಕೆ ಹರಡಿದ ಹಾಗೆ ಬಾನೆಟ್ ಮೇಲೆ ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎತ್ತಿಬಿಡುತ್ತಾನೆ. ಹೊಸ ಬಟ್ಟೆ ತಂದ ದಿನ ಅದರ ಅಂಚಿಗೆ ಹೊಲಿದ ಚೀಟಿಯನ್ನು ಕತ್ತರಿಸಿ ಎಸೆಯುವುದು ಮೊದಲ ಸಂಸ್ಕಾರ. ಆ ಚೀಟಿಯ ಮೂಲೆಯೂ ಗೀರುತ್ತದಂತೆ. ಎರಡನೆಯದು ಬಳಸುವ ಮುನ್ನವೇ ಒಂದು ಒಗೆತ, ಬಿಡಿ ಎಳೆಯೂ ಹೆಚ್ಚುವರಿ ಬಣ್ಣವೂ ಹೋಗಲೆಂದು.

ಬಳ್ಳಾರಿ–ಸಂಡೂರು ಕಡೆ ಗಣಿ ಜೋರಾಗಿದ್ದ ಕಾಲದಲ್ಲಿ ಓಡಾಡಿದವರಿಗೆ ಈ ವಿಷಯದಲ್ಲಿ ಉಪದೇಶ ಬೇಕಿಲ್ಲ. ಅದಿರು ಲಾರಿಗಳ ಹಿಂದೆ ಹೋದ ಬಿಳಿ ಕಾರು ಕೆಂಪಾಗಿ ಮನೆಗೆ ಬರುತ್ತಿತ್ತು, ಒರೆಸಿದ ಬಟ್ಟೆ ಮತ್ತೆ ಯಾವತ್ತೂ ಬಿಳುಪಾಗುತ್ತಿರಲಿಲ್ಲ. ಬೆಂಗಳೂರಿನ ಮೆಟ್ರೋ ಕಾಮಗಾರಿಯ ಧೂಳಿಗೆ ಅಷ್ಟು ಪ್ರಾಮಾಣಿಕತೆಯಿಲ್ಲ, ಬಣ್ಣ ಬಿಟ್ಟುಕೊಡುವುದಿಲ್ಲ.

ಇಷ್ಟಕ್ಕೂ ಒರೆಸುವುದೇಕೆ, ಬಿಸಿಲಿಗೆ ಬಿಟ್ಟರೆ ಆರುವುದಿಲ್ಲವೇ? ಮಂಗಳೂರಿನ ಕಡೆ ಹಾಗೆ ಬಿಟ್ಟರೂ ಅಷ್ಟೇನೂ ನಷ್ಟವಿಲ್ಲ. ಅಲ್ಲಿ ಮುರಕಲ್ಲಿನ ಬಾವಿಯ ನೀರು ಎಷ್ಟು ಮೆದುವೆಂದರೆ, ಮೈಗೆ ಹಚ್ಚಿದ ಸೋಪು ಮೂರು ಚೊಂಬು ಹೊಯ್ದರೂ ಜಾರುತ್ತಲೇ ಇರುತ್ತದೆ. ಬಯಲುಸೀಮೆಯ ಕೊಳವೆಬಾವಿಯ ನೀರು ಬೇರೆ. ಅದರಲ್ಲಿ ಕ್ಯಾಲ್ಸಿಯಂ ಇದೆ, ಮೆಗ್ನೀಸಿಯಂ ಇದೆ. ಹನಿ ಆರಿದಲ್ಲಿ ಅದರ ಸುಣ್ಣದ ಉಂಗುರ ಕೂರುತ್ತದೆ. ಗೀಸರಿನ ಕಾಯಿಲ್ ಮೇಲೆ ಕೂರುವುದೂ ಇದೇ. ಒರೆಸಿದರೆ ಆ ಸುಣ್ಣ ಕಾರಿನ ಮೈಮೇಲೆ ಕೂರುವುದು ತಪ್ಪುತ್ತದೆ, ನಿಜ; ಅದು ಹೋಗಿ ಸೇರುವುದು ಬಟ್ಟೆಗೆ. ನಾಲ್ಕಾರು ವಾರ ಬರೀ ಹಿಂಡಿ ಒಣಗಿಸುತ್ತ ಬಂದ ಬಟ್ಟೆ ಹಪ್ಪಳದಂತೆ ಸೆಟೆದು ನಿಲ್ಲುವುದು ಅದಕ್ಕೇ. ಹಿಂದೆ ಕಾರು ಒರೆಸಲು ಶಾಮಿ ಚರ್ಮ ಇಟ್ಟುಕೊಂಡಿದ್ದ ಅಂಬಾಸಿಡರ್ ಕಾಲದ ಡ್ರೈವರುಗಳಿಗೆ ಈ ಸೆಟೆತ ಗೊತ್ತು. ಒಣಗಿದ ಶಾಮಿಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡದೆ ಮುಟ್ಟುವಂತಿರಲಿಲ್ಲ. ಅವರ ಹತ್ತಿರ ಇನ್ನೊಂದು ಬಟ್ಟೆಯೂ ಇರುತ್ತಿತ್ತು, ಗ್ಯಾರೇಜಿನ ಬನಿಯನ್ ವೇಸ್ಟು. ಅದನ್ನು ಎಷ್ಟು ಸಲ ಒಗೆಯಬೇಕೆಂಬ ಪ್ರಶ್ನೆ ಯಾರಿಗೂ ಏಳಲಿಲ್ಲ. ಕೊಳೆಯಾದರೆ ಎಸೆಯುವುದು, ಅಷ್ಟೇ. ಪ್ರಶ್ನೆ ಹುಟ್ಟಿದ್ದು ಬಟ್ಟೆಗೆ ಬೆಲೆ ಬಂದ ಮೇಲೆ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದನ್ನು ಜಿಎಸ್‌ಎಂ ಕೇಳಿ ಕೊಳ್ಳುವವರು ಬಂದ ಮೇಲೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಗಾಜಿನದು 300ರ ಆಸುಪಾಸು, ನೀರು ಹೀರುವುದು 600ರಿಂದ 1,200ರವರೆಗೆ.

ಸರಿ, ಎಷ್ಟು ಸಲ? ಭಾವಮೈದುನ ಪ್ರತಿ ಸಲವೂ ಎನ್ನುತ್ತಾನೆ. ನಾನು ಅಷ್ಟು ದೂರ ಹೋಗುವವನಲ್ಲ. ಕಾರನ್ನು ನಿಜವಾಗಿಯೂ ಚೆನ್ನಾಗಿ ತೊಳೆದಿದ್ದರೆ, ಬೂದು ಬಟ್ಟೆ ಮೈಯ ನೀರನ್ನಷ್ಟೇ ಹೀರಿ, ಚಕ್ರಕ್ಕೂ ಬಾಗಿಲ ಕೆಳ ಅಂಚಿಗೂ ಹೋಗದೆ ಹಿಂದೆ ಬಂದಿದ್ದರೆ, ಶುದ್ಧ ನೀರಲ್ಲಿ ಅದ್ದಿ, ಹಿಂಡಿ, ಅವತ್ತೇ ಪೂರ್ತಿ ಒಣಗಿಸಿದರೆ ಎರಡು ಮೂರು ಬಾರಿಗೆ ಒಮ್ಮೆ ಸೋಪು ಕಂಡರೂ ಸಾಕು. ಮೂಗಿಗೆ ಮುಗ್ಗಲು ಬಂದರೆ, ಕೈಗೆ ಗರಗರ ಎಂದರೆ, ನೀರು ಕುಡಿಯುವ ಬದಲು ಮುಂದಕ್ಕೆ ತಳ್ಳುತ್ತ ಹೋದರೆ ಲೆಕ್ಕ ನೋಡಬೇಡಿ, ಒಗೆಯಿರಿ. ನೆಲಕ್ಕೆ ಬಿದ್ದದ್ದನ್ನು ಮಾತ್ರ ಯಾವ ವಾದವೂ ಇಲ್ಲದೆ ಒಗೆಯಲೇಬೇಕು. ಮೇಣ ಒರೆಸಿ ತೆಗೆದ ಬಟ್ಟೆಯದು ಬೇರೆ ದಾರಿ. ಮೇಣ ಒಣಗಿ ಸಂದುಗಳಲ್ಲಿ ಗಟ್ಟಿಯಾದರೆ ಆಮೇಲೆ ಅದನ್ನು ಬಿಡಿಸುವವರಿಲ್ಲ, ಅದಕ್ಕೆ ಅವತ್ತಿನದು ಅವತ್ತೇ. ಒದ್ದೆ ಬಟ್ಟೆಯನ್ನು ಮುದ್ದೆಮಾಡಿ ಡಿಕ್ಕಿಯಲ್ಲಿ ಹಾಕಿ ಬಾಗಿಲು ಮುಚ್ಚುವವರು ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ, ಅವರ ಡಿಕ್ಕಿಯೇ ಹೇಳುತ್ತದೆ.

ಒಗೆಯುವ ವಿಧಾನದ ವಿಷಯಕ್ಕೆ ನಮ್ಮ ಮನೆಗೆ ಕದನ ಬಂತು. ಭಾವಮೈದುನನ ಹೆಂಡತಿ ಕಾರಿನ ಬಟ್ಟೆಗೆ ಮಷಿನ್ ಮುಟ್ಟಿಸಬಾರದೆಂದು ಖಡಾಖಂಡಿತವಾಗಿ ಹೇಳಿದ್ದರಿಂದ ಅವನು ಬಕೆಟ್ ಹಿಡಿದು ಎರಡು ಮಹಡಿ ಇಳಿದು ಅಕ್ಕನ ಮನೆಗೆ ಬರುತ್ತಾನೆ. 

“ಹಾಕ್ಕೋ, ಆದರೆ ನಮ್ಮ ಬಟ್ಟೆ ಜೊತೆ ಬೇಡ ಕಣೋ. ಅದು ಎಲ್ಲೆಲ್ಲಿ ಒರೆಸಿದ್ದೋ ಏನೋ,” ಎಂದಳು ನನ್ನ ಹೆಂಡತಿ.

“ನಿಮ್ಮ ಬಟ್ಟೆ ಜೊತೆ ಹಾಕೋಕೆ ನಾನೂ ಒಪ್ಪಲ್ಲ ಅಕ್ಕ. ಭಾವನ ಕಾಟನ್ ಬನಿಯನ್ನು ನೂಲು ಬಿಡತ್ತೆ. ಅದು ನನ್ನ ಬಟ್ಟೆಗೆ ಹತ್ತಿಕೊಂಡ್ರೆ ಮುಗೀತು.”

ನನ್ನ ಬನಿಯನ್ನಿನಿಂದ ಒಂದು ಕಾರು ಒರೆಸುವ ಬಟ್ಟೆಗೆ ಮೈಲಿಗೆಯಾಗುತ್ತದೆಂದು ತಿಳಿದ ಆ ಗಳಿಗೆಯಲ್ಲಿ ನಾನು ಪೇಪರ್ ಓದುತ್ತಿದ್ದೆ, ಓದುತ್ತಲೇ ಇದ್ದೆ. ಇಬ್ಬರಿಗೂ ತಮ್ಮ ಬಟ್ಟೆಯೇ ಮಡಿ, ಎದುರಿನದು ಮೈಲಿಗೆ. ಹೀಗಾಗಿ ಒಪ್ಪಂದ ಸುಲಭವಾಯಿತು. ಬೇರೆ ಬೇರೆ ಸುತ್ತು. ಅವನ ಸುತ್ತಿಗೆ ಪುಡಿ ಬೇಡ, ದ್ರವ ಸೋಪು ಸ್ವಲ್ಪ, ಅದೂ ಪರಿಮಳ–ಮೆದುಕಾರಕ ಏನೂ ಬೆರೆಸದ್ದು. ಪುಡಿ ಗಡಸು ನೀರಲ್ಲಿ ಪೂರ್ತಿ ಕರಗದೆ ಉಳಿದರೆ ಅದೇ ಮರಳಾಗುತ್ತದೆ. ನೀರು ಉಗುರುಬೆಚ್ಚಗೆ, 40 ಡಿಗ್ರಿ ದಾಟಬಾರದು. ಬ್ಲೀಚ್ ಇಲ್ಲ. ಡ್ರೈಯರಿನ ಬಿಸಿಯೂ ಇಸ್ತ್ರಿಯೂ ಇಲ್ಲ, ಎಷ್ಟಾದರೂ ಪ್ಲಾಸ್ಟಿಕ್ ತಾನೇ, ಸೂಕ್ಷ್ಮ ಎಳೆ ಬಿಸಿಗೆ ಮುದುಡಿ ಅಂಟಿಕೊಂಡರೆ ಸಂದು ಮುಚ್ಚಿತು. ಸೆಟೆದಿದ್ದರೆ ಕೊನೆಯ ನೀರಿಗೆ ಸ್ವಲ್ಪ ಬಿಳಿ ವಿನಿಗರ್. ಸುಣ್ಣ ಹುಳಿಗೆ ಸೋಲುತ್ತದೆ. ನೆರಳಲ್ಲಿ ಗಾಳಿಗೆ ಒಣಗಬೇಕು. ಒಂದು ದಿನ ಹೆಂಡತಿ ತಮ್ಮನ ಮೇಲಿನ ಪ್ರೀತಿಗೆ ಕಂಫರ್ಟ್ ಒಂದು ಮುಚ್ಚಳ ಸುರಿದಳು. ಬಟ್ಟೆ ಮಲ್ಲಿಗೆಯಂತೆ ಘಮಘಮಿಸುತ್ತ ಹೊರಬಂತು, ಹನಿ ನೀರು ಕುಡಿಯಲಿಲ್ಲ. ಬಟ್ಟೆ ಮೆತ್ತಗಾಗಲಿ ಎಂದು ಹಾಕುವ ಆ ದ್ರವ ಎಳೆಯ ಮೇಲೆ ಜಿಡ್ಡಿನ ಪೊರೆ ಹಾಸುತ್ತದೆ. ಸಂದುಗಳಿಗೆ ಬಾಗಿಲು ಹಾಕಿದ ಹಾಗೆ. ಎರಡು ಮೂರು ಸಲ ಒಗೆದ ಮೇಲೆ ಅದಕ್ಕೆ ಬಾಯಾರಿಕೆ ಮರಳಿತು.

ಒಗೆದಷ್ಟೂ ಒಳ್ಳೆಯದೆಂದೂ ಅಲ್ಲ. ಪ್ರತಿ ಒಗೆತಕ್ಕೂ ಈ ಬಟ್ಟೆ ಕಣ್ಣಿಗೆ ಕಾಣದ ಎಳೆಯ ಚೂರುಗಳನ್ನು ನೀರಿಗೆ ಬಿಡುತ್ತದೆ, ಮೊದಲ ಒಗೆತಗಳಲ್ಲಿ ಹೆಚ್ಚು. ಅವು ಕೊಳೆತು ಮಣ್ಣಾಗುವ ಹತ್ತಿಯಲ್ಲ. ನಮ್ಮ ಕಡೆಯ ಚರಂಡಿ ವೃಷಭಾವತಿಗೆ ಹೋಗುತ್ತದೆ. ಅಲ್ಲಿಂದ ಬೈರಮಂಗಲದ ಕೆರೆ, ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಊರಿನ ಪೂರ್ವಕ್ಕಿರುವವರ ಪಾಲಿಗೆ ಬೆಳ್ಳಂದೂರು, ವರ್ತೂರು. ಬಾನೆಟ್ಟಿನ ಹೊಳಪು ಹೊಳೆಗೆ ಇಳಿಯುವ ದಾರಿ ಇದು.

2024ರ ಬೇಸಿಗೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಆ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ಹಚ್ಚಿದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ, ಮತ್ತೂ ಮಾಡಿದರೆ ದಿನಕ್ಕೆ 500 ಹೆಚ್ಚುವರಿ. 2025ರ ಫೆಬ್ರುವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ನೀರಿಲ್ಲದೆ ತೊಳೆಯುವ ಸ್ಪ್ರೇಗಳಿಗೆ ಶುಕ್ರದೆಸೆ. ಸಿಂಪಡಿಸು, ಒರೆಸು, ಮುಗಿಯಿತು. ಆದರೆ ಇಲ್ಲಿ ಬಟ್ಟೆ ಮುಟ್ಟುವುದು ತೊಳೆದ ಮೈಯನ್ನಲ್ಲ, ನೇರ ಧೂಳನ್ನು. ಒಂದು ಬಟ್ಟೆಯನ್ನು ನಾಲ್ಕಾಗಿ ಮಡಚಿ, ಒಂದೊಂದು ಮುಖವನ್ನು ಒಂದೊಂದು ಸಲ ಬಳಸಿ, ಮುಖ ಮುಗಿದರೆ ಇನ್ನೊಂದು ಬಟ್ಟೆ. ಒಂದು ಕಾರಿಗೆ ಒಂದು ರಾಶಿ. ಇಲ್ಲಿ ಎರಡು ಮೂರು ಬಾರಿಗೆ ಒಮ್ಮೆ ಎಂಬ ನನ್ನ ಧಾರಾಳ ನಡೆಯದು, ಪ್ರತಿ ಸಲವೂ ಒಗೆಯಲೇಬೇಕು. ಕಾರು ತೊಳೆಯದೆ ಉಳಿಸಿದ ನೀರಿನಲ್ಲಿ ಒಂದು ಪಾಲು ಬಟ್ಟೆಗೆ ಹೋಯಿತು. ಹಾಗಿದ್ದೂ ಪೈಪು ಬಿಟ್ಟು ತೊಳೆಯುವುದಕ್ಕಿಂತ ಇದು ಎಷ್ಟೋ ಕಡಿಮೆ ಎಂಬುದನ್ನು ಒಪ್ಪಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ತನ್ನ ಕಾರನ್ನು ತಾನೇ ಒರೆಸುವವನ ಕಥೆ. ಅಂಥವರು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆರಳೆಣಿಕೆ. ಉಳಿದವರ ಕಾರುಗಳನ್ನು ಒರೆಸಲು ಬೆಳಗಿನ ಜಾವಕ್ಕೆ ರಾಯಚೂರು ಕಡೆಯ ಒಬ್ಬ ಹುಡುಗ ಬರುತ್ತಾನೆ. ಅವನ ಕೈಲಿ ಒಂದು ಬಕೆಟ್ಟು, ಒಂದು ಬಟ್ಟೆ. ಆಫೀಸಿನವರು ಇಳಿದು ಬರುವುದರೊಳಗೆ ಬೇಸ್‌ಮೆಂಟಿನ ಸಾಲು ಮುಗಿಯಬೇಕು. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಪ್ರಯಾಣ ಮಾಡುತ್ತದೆ. ಯಾರ ಕಾರು ಮೊದಲು ಎಂಬುದಕ್ಕೆ ಕೆಲವರು ಅವನಿಗೆ ಗುಟ್ಟಾಗಿ ಹೆಚ್ಚಿಗೆ ಕೊಡುತ್ತಾರೆಂದೂ ಕೇಳಿದ್ದೇನೆ. ಬಕೆಟ್ಟಿನ ನೀರು ತಿಳಿಯಾಗಿರುವಾಗಲೇ ತಮ್ಮ ಸರದಿ ಬರಲೆಂದು.

ಇದನ್ನು ಸಹಿಸಲಾಗದೆ ಭಾವಮೈದುನ ಅವನಿಗೆ ಐದಾರು ಒಳ್ಳೆಯ ಬಟ್ಟೆ ಕೊಟ್ಟು, ಬಣ್ಣಗಳ ಪಾಠ ಮಾಡಿ, ದಿನಾ ಒಗೆಯಬೇಕೆಂದು ಹೇಳಿದ. ಹುಡುಗ ತಲೆಯಾಡಿಸಿದ. ಮುಂದಿನ ವಾರ ಮತ್ತೆ ಅದೇ ಒಂದು ಬಟ್ಟೆ. ಕೇಳಿದರೆ ಮರೆಮಾಚಲಿಲ್ಲ. ನೀಲಿಯದನ್ನು ಹೆಂಡತಿ ಒಲೆಕಟ್ಟೆ ಒರೆಸಲು ಇಟ್ಟುಕೊಂಡಿದ್ದಳು, ಛಲೋ ಅದ ಅಂತ. ಉಳಿದವು ಮನೆಯಲ್ಲಿ ಮಡಚಿಟ್ಟಲ್ಲೇ ಇದ್ದವು.

“ದಿನಾ ಒಗೀರಿ ಅಂತೀರಿ, ಒಗದ್ರ ಒಣಾಕೋದು ಎಲ್ಲ್ರೀ ಸರ? ಮ್ಯಾಲಿನ ಟೆರೇಸಿನ ಕೀಲಿ ನಮಗ ಕೊಡಂಗಿಲ್ಲ. ಹಸೀ ಬಟ್ಟಿ ಬಕೀಟನ್ಯಾಗ ಇಟ್ಟ್ರ ನಾತ ಹೊಡೀತಾವು. ಮನೀಗೆ ಒಯ್ದ್ರ ಇರೂದು ಒಂದ ಖೋಲಿ.”

ಎಳೆ, ಸಂದು, ಸುಣ್ಣ, ವಿನಿಗರ್ ಎಲ್ಲ ತಿಳಿದಿದ್ದ ಭಾವಮೈದುನನಿಗೆ ಇದು ಹೊಳೆದಿರಲಿಲ್ಲ. ನನಗೂ ಅಷ್ಟೇ. ನಮ್ಮಿಬ್ಬರ ಬಾಲ್ಕನಿಯಲ್ಲೂ ಹಗ್ಗವಿದೆ, ಅದನ್ನು ಸೌಕರ್ಯವೆಂದು ನಾವು ಲೆಕ್ಕಕ್ಕೆ ಹಿಡಿದದ್ದೇ ಇಲ್ಲ. ಬಟ್ಟೆ ಎಷ್ಟು ಸಲ ಒಗೆಯಬೇಕೆಂಬುದನ್ನು ನಾವು ಎಳೆಯ ಗುಣದಿಂದ ತೀರ್ಮಾನಿಸುತ್ತಿದ್ದೆವು, ಅವನು ಒಣಗುವ ಜಾಗದಿಂದ. ಟೆರೇಸಿನ ಕೀಲಿ ಅವನಿಗೇಕಿಲ್ಲ ಎಂದು ಸೆಕ್ರೆಟರಿಯವರನ್ನು ಕೇಳಿದೆವು. ಕೆಲಸದವರು ಮೇಲೆ ಹೋದರೆ ನೀರಿನ ಟ್ಯಾಂಕು ಇದೆಯಲ್ಲ ಸಾರ್, ಎಂದರು ಅವರು. ಟ್ಯಾಂಕಿಗೆ ಮುಚ್ಚಳವಿದೆ, ಮುಚ್ಚಳಕ್ಕೆ ಬೀಗವಿದೆ. ಪ್ಲಂಬರ್ ಹೋಗುತ್ತಾನೆ, ಕೇಬಲ್ಲಿನವನು ಹೋಗುತ್ತಾನೆ. ಅಂಗಳದಾಚೆಯ ಗೆರೆ ಈಗ ಒಂಬತ್ತನೇ ಮಹಡಿಯ ಮೇಲೆ ಎಳೆದಿದೆ, ಅಷ್ಟೇ ವ್ಯತ್ಯಾಸ.

ಭಾವಮೈದುನ ಹೆಚ್ಚು ವಾದ ಮಾಡಲಿಲ್ಲ. ಬೇಸ್‌ಮೆಂಟಿನ ಪಂಪ್ ಕೋಣೆಯ ಪಕ್ಕ ಎಕ್ಸಾಸ್ಟ್ ಫ್ಯಾನಿನ ಗಾಳಿ ಬೀಳುವ ಕಡೆ ಎರಡು ಮೊಳೆ ಹೊಡೆದು ನೈಲಾನ್ ಹಗ್ಗ ಕಟ್ಟಿದ. ನೆರಳಿದೆ, ಗಾಳಿಯಿದೆ, ಮೈಕ್ರೋಫೈಬರಿಗೆ ಟೆರೇಸಿಗಿಂತಲೂ ಇದೇ ವಾಸಿ. ಹುಡುಗ ತೋಟದ ನಲ್ಲಿಯಲ್ಲಿ ಬಟ್ಟೆ ಜಾಲಿಸಿ ಅಲ್ಲಿ ಹರವತೊಡಗಿದ. ನೀಲಿಯದೊಂದು ಬಿಟ್ಟು ಉಳಿದವೆಲ್ಲ ಹಗ್ಗದ ಮೇಲೆ ಕಾಣಿಸಿಕೊಂಡವು. ಹದಿನೈದು ದಿನ ಕಳೆಯುವುದರೊಳಗೆ ಸಾಮಾನ್ಯ ಜಾಗದಲ್ಲಿ ಬಟ್ಟೆ ಒಣಹಾಕುವುದು ನಿಯಮಕ್ಕೆ ವಿರುದ್ಧವೆಂದು ಅಸೋಸಿಯೇಷನ್ನಿನಿಂದ ಚೀಟಿ ಬಂತು.

ಮಾಸಿಕ ಸಭೆಯಲ್ಲಿ ವಿಷಯ ಬಂದಾಗ ಮುಕ್ಕಾಲು ಗಂಟೆ ಚರ್ಚೆಯಾಯಿತು. ಇವತ್ತು ಕಾರಿನ ಬಟ್ಟೆ, ನಾಳೆ ಲುಂಗಿ ಎಂದರು ಒಬ್ಬರು. ಕಪ್ಪು ಕಾರಿನ ಯಜಮಾನರೊಬ್ಬರು ಬಾನೆಟ್ಟಿನ ಜೇಡರಬಲೆಯ ಫೋಟೋ ಮೊಬೈಲಿನಲ್ಲಿ ತೋರಿಸಿ ನಮ್ಮ ಪಕ್ಷ ವಹಿಸಿದರು. ಕೊನೆಗೆ ಷರತ್ತುಗಳ ಮೇಲೆ ಹಗ್ಗಕ್ಕೆ ಮಂಜೂರಾತಿ ಸಿಕ್ಕಿತು. ಕಾರು ಒರೆಸುವ ಬಟ್ಟೆ ಬಿಟ್ಟು ಬೇರೇನೂ ಹಾಕಬಾರದು, ಭಾನುವಾರ ಮನೆ ನೋಡಲು ಗಿರಾಕಿಗಳು ಬರುವ ಹೊತ್ತಿಗೆ ತೆಗೆದಿರಬೇಕು, ಬಟ್ಟೆಯ ನೀರು ತೊಟ್ಟಿಕ್ಕಬಾರದು. ಟೆರೇಸಿನ ಕೀಲಿಯ ಮಾತು ಎತ್ತಿದ್ದಕ್ಕೆ ಅದು ಇವತ್ತಿನ ವಿಷಯಪಟ್ಟಿಯಲ್ಲಿಲ್ಲ ಎಂದರು. ಹಗ್ಗಕ್ಕೂ ಮೊಳೆಗೂ ಆದ ಖರ್ಚನ್ನು ಯಾರು ಕೊಡಬೇಕೆಂಬುದು ಮುಂದಿನ ಸಭೆಗೆ ಹೋಯಿತು.